ಕುಂದುರ್ಪಿ ಬಸ್ಸಿನ ಅರ್ಧ ಗಂಟೆ

ಮೊನ್ನೆ ಪ್ರಾಕ್ಟಿಕಲ್ ಪರೀಕ್ಷೆ ನಡೆಸಿಕೊಡಲು ಕಲ್ಯಾಣದುರ್ಗಕ್ಕೆ ಹೋಗಬೇಕಾಯಿತು. ಹಿಂದೂಪುರದಲ್ಲಿ ಹತ್ತಿದ ಬಸ್ಸು ಮಡಕಶಿರಾ ದಾಟಿ, ಪಾವಗಡದ ಹತ್ತಿರ ಸ್ವಲ್ಪ ಹೊತ್ತು ಕರ್ನಾಟಕಕ್ಕೆ ಹೋಗಿ, ಮತ್ತೆ ಆಂಧ್ರಕ್ಕೆ ಬಂದು ನನ್ನನ್ನು ಇಳಿಸಿತು. ಇಳಿದ ಕೂಡಲೇ ಮೂಗಿಗೆ ಬಡಿದದ್ದು ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿಯ ವಾಸನೆ. ಕಡಲೆಕಾಯಿ ಕೀಳುವ ಕಾಲ. ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕಡಲೆಕಾಯಿಯನ್ನು ಹಿಂದೂಪುರದಲ್ಲೂ ಬೇಯಿಸುತ್ತಾರೆ, ನಮ್ಮ ಮನೆಯಲ್ಲೂ ಬೇಯಿಸುತ್ತಾರೆ. ಆದರೆ ಡೀಸೆಲ್ ಹೊಗೆ, ಒದ್ದೆ ಮಣ್ಣು, ಕುದಿಯುವ ಟೀ ಎಲ್ಲ ಕೂಡಿದ ಆ ವಾಸನೆ ಅಲ್ಲಿಯದೇ. ಆ ಊರನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೇಕೆಂದೇ ಆ ಕಡೆ ಹೋಗಿರಲಿಲ್ಲ ಅಂದರೂ ತಪ್ಪಿಲ್ಲ.

ಓಬಳಮ್ಮನ ಟೀ ಅಂಗಡಿ ಅಲ್ಲೇ ಇತ್ತು. ಬೆಂಚು ಮಾತ್ರ ಹೊಸದು. ನನ್ನನ್ನು ನೋಡಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ತೆಲುಗಿನಲ್ಲಿ ಕ್ಷೇಮ ಕೇಳಿ ಕನ್ನಡಕ್ಕೆ ಹೊರಳಿದಳು.

"ಏಂ ಸಾರು, ಬಾಗುನ್ನಾರಾ? ಇದೇನ್ ಸಾರ್ ಇಂಗಾಗ್ಬುಟ್ಟಿದ್ದೀಯ, ತಲೆಯೆಲ್ಲಾ ಬೆಳ್ಳಗಾಗದೆ!"

"ನಿನ್ನ ತಲೆ ಹಂಗೇ ಕರ್ರಗಿದೆಯಲ್ಲಕ್ಕ."

"ನಂದು ಡೈ ಕಣಪ್ಪ. ಕೂತ್ಕ, ಟೀ ಕೊಡ್ತೀನಿ."

ಟೀ ಗ್ಲಾಸು, ಒಂದು ಪೊಟ್ಟಣ ಕಡಲೆಕಾಯಿ ಹಿಡಿದು ಕೂತೆ. ಗಡಿಯಾರ ನೋಡಿದೆ. ನಾಲ್ಕೂ ಕಾಲು. ಕುಂದುರ್ಪಿ ಬಸ್ಸಿಗೆ ಇನ್ನೂ ಅರ್ಧ ಗಂಟೆ. ನಾನೇನೂ ಕುಂದುರ್ಪಿಗೆ ಹೋಗಬೇಕಾಗಿರಲಿಲ್ಲ.

ನಾನು ಆ ಊರಿನ ಒಂದು ಖಾಸಗಿ ಡಿಗ್ರಿ ಕಾಲೇಜಿಗೆ ಕಂಪ್ಯೂಟರ್ ಪಾಠ ಹೇಳಲು ಹೋದದ್ದು ಒಂದೇ ಒಂದು ವರ್ಷಕ್ಕೆ, ರಜೆ ಹಾಕಿದವರೊಬ್ಬರ ಜಾಗಕ್ಕೆ. ಆಗ ಮುಂಗಾರಿನ ಮೊದಲ ಮಳೆ ಬಿದ್ದು, ಎರಡನೆಯದಕ್ಕೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳು. ನಮ್ಮದು ನೇಯ್ಗೆಯವರ ಮನೆ. ತಾತನ ಕಾಲಕ್ಕೇ ಮಗ್ಗ ನಿಂತು, ಅಪ್ಪ ಹಿಂದೂಪುರದಲ್ಲಿ ಬ್ಲೌಸ್ ಪೀಸ್, ಸೀರೆ ಫಾಲ್ಸ್ ಮಾರುವ ಅಂಗಡಿ ಇಟ್ಟಿದ್ದರು. ಮಗ್ಗ ಹೋದರೂ ಒಂದು ಚಟ ಮನೆಯಲ್ಲಿ ಉಳಿದಿತ್ತು. ಯಾರು ಯಾವ ಬಟ್ಟೆ ತಂದರೂ ಅಮ್ಮ ಮೊದಲು ತಿರುಗಿಸಿ ಹಿಂಭಾಗ ನೋಡುತ್ತಿದ್ದಳು. ಮದುವೆಗೆ ಹೋದರೆ ಹೆಣ್ಣಿನ ಸೆರಗನ್ನೂ ಮೆಲ್ಲಗೆ ಮಗುಚಿ ನೋಡಿ ನಮ್ಮ ಮಾನ ಕಳೆಯುವಳು. ಆ ಚಟ ನನಗೂ ಬಂದಿತ್ತು. ಎದುರಿಗೆ ಕಂಡದ್ದನ್ನು ನಂಬಲಾರೆ, ಹಿಂದೆ ಏನಿದೆ ನೋಡಬೇಕು.

ಆ ಚಟದಿಂದಲೇ ನಾನು ಒಂದು ಹೊಸ ಭಾಷೆಗೆ ಬಿದ್ದಿದ್ದೆ. ಭಾಷೆ ಅಂದರೆ ಕನ್ನಡ ತೆಲುಗಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ದೊಡ್ಡ ಹೆಸರಿನದಲ್ಲ. ಯಾವ್ಯಾವುದೋ ದೇಶದ ಉತ್ಸಾಹಿಗಳು ಬಿಡುವಿನಲ್ಲಿ ಕೂತು ಕಟ್ಟುತ್ತಿದ್ದದ್ದು. ಓಪನ್ ಸೋರ್ಸ್. ಅದರ ಒಳಗೆ ಬರೆದದ್ದೆಲ್ಲ ಎಲ್ಲರ ಕಣ್ಣಿಗೂ ಬಿಚ್ಚಿಟ್ಟದ್ದು. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ಹೇಳಬಹುದು, ತಿಳಿದರೆ ತಿದ್ದಲೂಬಹುದು. ಹಿಂಭಾಗ ತೋರಿಸಲು ನಾಚದ ಬಟ್ಟೆ ಎಂದು ನನಗೆ ಅದರ ಮೇಲೆ ಪ್ರೀತಿ.

ಆ ಭಾಷೆಯಲ್ಲಿ ನಾನು ಮಾಡಿದ ಮೊದಲ ಘನಕಾರ್ಯ ಬಸ್ ಬೋರ್ಡು. ನಮ್ಮ ಹುಡುಗ ಹುಡುಗಿಯರಲ್ಲಿ ಮುಕ್ಕಾಲು ಪಾಲು ಕಂಬದೂರು, ಕುಂದುರ್ಪಿ ಕಡೆಯಿಂದ ಓಡಾಡುವವರು. ಸಂಜೆಯ ಬಸ್ಸು ತಪ್ಪಿದರೆ ಆಟೋಗಳಲ್ಲಿ ಜೋತುಬಿದ್ದು ಹೋಗಬೇಕು. ಅದಕ್ಕೇ ಕಾಲೇಜಿನ ವರಾಂಡದಲ್ಲಿ ಸುಮ್ಮನೆ ನೇತಾಡುತ್ತಿದ್ದ ಟಿವಿಯಲ್ಲಿ ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ತೋರಿಸುವಂತೆ ಮಾಡಿದೆ. ಪ್ರಿನ್ಸಿಪಾಲರಿಗೆ ಬಹಳ ಖುಷಿಯಾಗಿ, ಬಸ್ಸಿಗೆ ಹೋಗುವ ಹುಡುಗರು ಬೋರ್ಡು ನೋಡಿಕೊಂಡು ಕ್ಲಾಸಿನಿಂದ ಹೊರಡಬಹುದು ಎಂದು ಆರ್ಡರ್ ಹಾಕಿಬಿಟ್ಟರು.

ಬೋರ್ಡು ಎಲ್ಲ ಬಸ್ಸನ್ನೂ ಅರ್ಧ ಗಂಟೆ ಮುಂಚೆ ತೋರಿಸುತ್ತಿತ್ತು. ನಾಲ್ಕೂ ಮುಕ್ಕಾಲಿನ ಕುಂದುರ್ಪಿ ಬಸ್ಸು ನಾಲ್ಕೂ ಕಾಲು ಎಂದು ಕಾಣುತ್ತಿತ್ತು. ಮೂಲೆಯಲ್ಲಿದ್ದ ಗಡಿಯಾರ ಮಾತ್ರ ಸರಿಯಾಗಿ ನಡೆಯುತ್ತಿದ್ದುದರಿಂದ ನನಗೆ ಅನುಮಾನ ಬರಲಿಲ್ಲ. ನಾನು ಹೊರಗಿನವನು, ಅಲ್ಲಿಯ ಬಸ್ಸು ನನಗೇನು ಗೊತ್ತು? ಗೊತ್ತಿದ್ದವರೂ ತಕರಾರು ಮಾಡಲಿಲ್ಲ. ನಮ್ಮ ಕಡೆ ಬಸ್ಸು ಅರ್ಧ ಗಂಟೆ ತಡವಾದರೆ ಕಾರಣ ಕೇಳುವ ಪದ್ಧತಿಯೇ ಇಲ್ಲ. ಬೋರ್ಡು ಸರಿ, ಬಸ್ಸು ಲೇಟು ಎಂದು ಜನ ಸಮಾಧಾನವಾಗಿ ಕಾದರು. ಇನ್ನು ಕೆಲವು ಚಾಲಾಕಿಗಳಿಗೆ ಗುಟ್ಟು ತಿಳಿದಿದ್ದರೂ ಕೊನೆಯ ಪೀರಿಯಡ್ ತಪ್ಪುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದರು. ನನ್ನ ಕೊನೆಯ ಕ್ಲಾಸು ದಿನವೂ ಖಾಲಿ. ನಾನೂ ಹೊರಟು ಓಬಳಮ್ಮನ ಅಂಗಡಿಗೆ ಬರುತ್ತಿದ್ದೆ. ನನ್ನ ರೂಮು ಬಸ್ ಸ್ಟ್ಯಾಂಡಿನ ಹಿಂದೆಯೇ ಇತ್ತು.

ಹಾಗೆ ಬಂದು ಕೂತಾಗ ಬೆಂಚಿನ ಇನ್ನೊಂದು ತುದಿಯಲ್ಲಿ ವನಜಾ ಮೇಡಂ ಇರುತ್ತಿದ್ದರು. ಲೆಕ್ಕ ಹೇಳುವವರು. ಕುಂದುರ್ಪಿಯವರು, ದಿನಾ ಅಲ್ಲಿಂದಲೇ ಬಂದು ಹೋಗುವವರು. ಸ್ಟಾಫ್ ರೂಮಿನಲ್ಲಿ ತಲೆ ಎತ್ತದೆ ಪೇಪರು ತಿದ್ದುವ ಅವರು ಬೆಂಚಿನ ಮೇಲೆ ಬೇರೆ ಮನುಷ್ಯಳು. ಕಾಲು ಅಲ್ಲಾಡಿಸುತ್ತ, ಕಡಲೆಕಾಯಿ ಬಿಡಿಸುತ್ತ, ಪ್ರಿನ್ಸಿಪಾಲರ ಇಂಗ್ಲಿಷನ್ನು ಅಣಕಿಸುವರು. ಜುಲೈನ ಗಾಳಿಗೆ ಬಸ್ ಸ್ಟ್ಯಾಂಡಿನ ಧೂಳೆಲ್ಲ ಎದ್ದು ಟೀ ಗ್ಲಾಸಿಗೆ ಬೀಳುತ್ತಿತ್ತು. ಸೆರಗಿನಿಂದ ಗ್ಲಾಸು ಮುಚ್ಚಿಕೊಂಡು, "ಇವತ್ತೂ ಲೇಟು ಸಾರ್ ನಮ್ಮ ಬಸ್ಸು" ಅನ್ನುವರು. ನಾನು ಡಿಪೋದವರನ್ನು ಎರಡು ಮಾತು ಬೈಯುವೆ. ಅವರು ನಗುವರು. ಬಸ್ಸು ಬಂದರೆ "ಬತ್ತೀನಿ ಸಾರ್" ಎಂದು ಎದ್ದು ಹೋಗುವರು. ದಿನದಲ್ಲಿ ಬದುಕಿದ್ದೇನೆ ಅನ್ನಿಸುತ್ತಿದ್ದದ್ದು ಅಷ್ಟು ಹೊತ್ತು. ಉಳಿದದ್ದೆಲ್ಲ ಅದಕ್ಕೆ ಕಾಯುವುದು.

ಅವರನ್ನು ಮದುವೆಯಾಗಬೇಕೆಂಬ ಆಸೆ ನನಗೆ ಆಗಸ್ಟಿನೊಳಗೆ ಗಟ್ಟಿಯಾಗಿತ್ತು. ಕೇಳುವುದು ಹೇಗೆ? ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕಲ್ಲ. ಅವರು ದಿನಾ ಬಂದು ಕೂರುವುದು ನನಗಾಗಿಯೋ, ಬಸ್ಸಿಗಾಗಿಯೋ? ಬಸ್ಸಿಗಾಗಿ ಎಂದು ಬೋರ್ಡೇ ಹೇಳುತ್ತಿತ್ತು. ಸುಮ್ಮನೆ ಬಸ್ಸು ಕಾಯುವ ಹೆಣ್ಣುಮಗಳ ಮುಂದೆ ಹೋಗಿ ನೀನು ನನಗಾಗಿ ಕೂತಿದ್ದೀಯ ಎನ್ನುವಷ್ಟು ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಂಟ್ರೋಲರು ನೇರ ಕಾಲೇಜಿಗೆ ಬಂದುಬಿಟ್ಟರು. ಮುಖ ಕೆಂಪಗಾಗಿತ್ತು.

"ಯಾರ್ರೀ ಇಲ್ಲಿ ಬೋರ್ಡ್ ಮಾಡಿರೋರು? ನಿಮ್ಮ ಹುಡುಗ್ರು ದಿನಾ ನನ್ ಕಿಟಕಿ ಮುಂದೆ ಲೇಟು ಲೇಟು ಅಂತ ಕಿರುಚ್ತಾರೆ. ನಮ್ ಬಸ್ಸು ಕರೆಕ್ಟಾಗದೆ ಸ್ವಾಮಿ! ನಿಮ್ ಟಿವಿನೇ ಸುಳ್ಳು!"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಬೆಂಚಿಗೆ ಹೋಗಿ ವನಜಾ ಮೇಡಂಗೆ ಎಲ್ಲ ಹೇಳಿದೆ. ಅವರು ಕಡಲೆಕಾಯಿಯಿಂದ ಕಣ್ಣು ತೆಗೆಯದೆ, "ಅಯ್ಯೋ, ನಾನೂ ಬಸ್ಸೇ ಲೇಟು ಅನ್ಕಂಡಿದ್ದೆ ಸಾರ್" ಅಂದರು.

ಆಮೇಲೆ ಲ್ಯಾಪ್‌ಟಾಪಿನ ಕಡೆ ಬಗ್ಗಿದರು. ಸ್ವಲ್ಪ ಹೊತ್ತು ನೋಡಿ ಹೇಳಿದರು: "ಎಲ್ಲಾ ಬಸ್ಸೂ ಒಂದೇ ಸಮ ಅರ್ಧ ಗಂಟೆ ಲೇಟಾಗೋದುಂಟಾ? ಲೇಟು ಅಂದ್ರೆ ಒಂದಿನ ಹತ್ನಿಮಿಷ ಇರ್ತದೆ, ಒಂದಿನ ಒಂದ್ಗಂಟೆ ಇರ್ತದೆ. ಇದು ಲೇಟಲ್ಲ ಸಾರ್, ಲೆಕ್ಕದ ತಪ್ಪು. ಎಲ್ಲೋ ಅರೆ ಬಿಟ್ಟೋಗದೆ."

ಬಿಟ್ಟುಹೋಗಿತ್ತು. ಬಸ್ಸಿನ ವೇಳೆಯನ್ನೆಲ್ಲ ನಾನು ಪುಸ್ತಕದ ಶಿಸ್ತಿನಂತೆ, ಲೋಕಕ್ಕೆಲ್ಲ ಒಂದೇ ಆದ ವೇಳೆಗೆ ಬದಲಿಸಿ ಇಟ್ಟಿದ್ದೆ. ತೋರಿಸುವಾಗ ಭಾರತದ ವೇಳೆಗೆ ತಿರುಗಿಸು ಎಂದು ಭಾಷೆಗೆ ಹೇಳಿದ್ದೆ. ಅದಕ್ಕೂ ನಮಗೂ ಐದೂವರೆ ಗಂಟೆ ಅಂತರ. ಭಾಷೆ ಐದನ್ನು ಕೂಡಿಸಿ ಅರೆಯನ್ನು ಕೈಬಿಡುತ್ತಿತ್ತು. ಬೇರೆ ದೇಶದ ಹೆಸರು ಕೊಟ್ಟು ನೋಡಿದೆವು, ಎಲ್ಲ ಸರಿ. ನಮ್ಮ ದೇಶ ಕೊಟ್ಟರೆ ತಪ್ಪು. ತಪ್ಪು ನನ್ನ ಪ್ರೋಗ್ರಾಮಿನಲ್ಲಿರಲಿಲ್ಲ, ಭಾಷೆಯ ಹೊಟ್ಟೆಯೊಳಗಿತ್ತು. ಹಿಂಭಾಗ ನೋಡುವ ಚಟದವನಿಗೆ ಇದಕ್ಕಿಂತ ಸಂತೋಷ ಇನ್ನೇನು!

"ಸದ್ಯಕ್ಕೆ ಅರ್ಧ ಗಂಟೆ ನಾವೇ ಕೂಡಿಸಿಬಿಡೋಣ, ಒಂದು ಸಾಲು ಸಾಕು" ಅಂದೆ.

"ಬ್ಯಾಡಿ ಸಾರ್. ತೇಪೆ ಹಾಕಿದ್ರೆ ಅಲ್ಲೀಗೆ ಮರ್ತ್ಬುಡ್ತೀವಿ. ಅದನ್ನ ಕಟ್ಟಿದೋರ್ಗೆ ಹೇಳ್ಬೇಕು. ಹೇಳ್ದಿದ್ರೆ ಅವ್ರಿಗೆ ಹೆಂಗೆ ಗೊತ್ತಾಯ್ತದೆ?"

ಬೋರ್ಡಿನ ಕೆಳಗೆ 'ಅರ್ಧ ಗಂಟೆ ಕೂಡಿಸಿ ಓದಿಕೊಳ್ಳಿ' ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಚೀಟಿ ಅಂಟಿಸಿದೆವು. ಹುಡುಗರು ಗೊಣಗುತ್ತ ಕೊನೆಯ ಪೀರಿಯಡ್ಡಿಗೆ ಮರಳಿದರು. ವನಜಾ ಮೇಡಂ ಮಾತ್ರ ಮೊದಲಿನಂತೆ ನಾಲ್ಕೂ ಕಾಲಿಗೇ ಬೆಂಚಿಗೆ ಬರುತ್ತಿದ್ದರು. ಆ ಪೀರಿಯಡ್ಡು ಅವರಿಗೆ ಮೊದಲಿಂದಲೂ ಬಿಡುವು. ನಾನು ನನ್ನ ಕ್ಲಾಸನ್ನು ಬೆಳಿಗ್ಗೆಗೆ ಹಾಕಿಸಿಕೊಂಡೆ. ಬಗ್ ರಿಪೋರ್ಟ್, ಅಂದರೆ ಭಾಷೆ ಕಟ್ಟಿದವರಿಗೆ ತಪ್ಪು ತಿಳಿಸುವ ಪತ್ರ, ಬರೆಯಬೇಕಿತ್ತಲ್ಲ!

ತಪ್ಪು ಹೇಳುವುದಕ್ಕೂ ಆ ಭಾಷೆಯವರು ಒಂದು ಕ್ರಮ ಇಟ್ಟಿದ್ದರು. ಏನಾಗಬೇಕಿತ್ತು, ಏನಾಯಿತು, ಮತ್ತೆ ಅದೇ ತಪ್ಪು ಕಾಣಬೇಕಾದರೆ ಏನು ಮಾಡಬೇಕು, ಮೂರನ್ನೂ ಬರೆಯಬೇಕು. ವನಜಾ ಮೇಡಂ ಅದನ್ನು ಓದಿ, "ಏನಾಗ್ಬೇಕಿತ್ತು, ಏನಾಯ್ತು. ಎಲ್ರ ಮನೆ ಕತೇನೂ ಇಷ್ಟೇ ಅಲ್ವಾ ಸಾರ್" ಎಂದು ನಕ್ಕರು. ನಾನು ಟೈಪ್ ಮಾಡಿದೆ, ಅವರು ತಿದ್ದಿದರು. ಮೊದಲು ನಮಸ್ಕಾರ ಹೇಳಿ ಎಂದು ಹಠ ಹಿಡಿದು, ಹೇಳಿಸಿಯೇ ಕಳಿಸಿದರು.

ಕೆಲವು ದಿನಗಳ ಮೇಲೆ ಯಾವ ದೇಶದವರೋ ಏನೋ, ಗಂಡಸೋ ಹೆಂಗಸೋ, ಒಬ್ಬರು ಉತ್ತರ ಬರೆದರು. ನಿಮ್ಮಲ್ಲಿ ನಿಜವಾಗಿಯೂ ಅರ್ಧ ಗಂಟೆಯ ಅಂತರ ಇದೆಯೇ, ಅದು ಟೈಪಿಂಗ್ ತಪ್ಪಲ್ಲವಷ್ಟೆ ಎಂದು ಕೇಳಿದ್ದರು. ವನಜಾ ಮೇಡಂಗೆ ಸಿಟ್ಟು ನೆತ್ತಿಗೇರಿತು.

"ಇಡೀ ದೇಶ ಆ ಅರ್ಧ ಗಂಟೇಲಿ ಬದುಕ್ತಾ ಅದೆ ಅಂತ ಬರೀರಿ ಸಾರ್ ಆಯಪ್ಪಂಗೆ! ಟೈಪಿಂಗ್ ತಪ್ಪಂತೆ!"

ಓಬಳಮ್ಮ ಒಲೆಯ ಹತ್ತಿರದಿಂದಲೇ, "ಯಾರ್ನಮ್ಮಾ ಬೈತಾ ಇದ್ದೀಯ?" ಅಂದಳು.

"ಗೊತ್ತಿಲ್ಲ ಕಣಕ್ಕ, ಯಾವ್ದೋ ದೇಶದೋರು!"

ನಾನು ಸಮಾಧಾನದ ಮಾತಿನಲ್ಲಿ ಬರೆದೆ. ಆ ಕಡೆಯವರು ಕ್ಷಮೆ ಕೇಳಿ, ನಿಮ್ಮ ಬೋರ್ಡಿನ ಪ್ರೋಗ್ರಾಮು ತುಂಬ ಉದ್ದ, ತಪ್ಪು ಉಳಿಯುವಷ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕಳೆದು ಕಳಿಸಿ ಎಂದರು. ಬಗ್ಗು ಹಿಡಿಯುವವರ ಮುಖ್ಯ ಕೆಲಸವೇ ಇದು. ಒಂದು ಸಾಲು ತೆಗೆದು ಓಡಿಸಬೇಕು, ತಪ್ಪು ಹಾಗೇ ಇದ್ದರೆ ಇನ್ನೊಂದು ತೆಗೆಯಬೇಕು, ತಪ್ಪು ಮಾಯವಾದರೆ ತೆಗೆದದ್ದನ್ನು ಮರಳಿ ಇಡಬೇಕು. ಅದನ್ನು ಒಂದೇ ದಿನದಲ್ಲಿ ಮುಗಿಸಬಹುದಿತ್ತು. ನಾವು ತಿಂಗಳು ಎಳೆದೆವು. ದಿನಕ್ಕೆ ಒಂದು ಸಾಲು, ಎರಡು ಸಾಲು. ಹೊಲಗಳಲ್ಲಿ ಕಡಲೆಕಾಯಿ ಗಿಡಕ್ಕೆ ಹಳದಿ ಹೂ ಬಂದಿತ್ತು. ಮಧ್ಯೆ ಒಳ್ಳೆಯ ಮಳೆಯೊಂದು ಹೊಡೆದು ಅಂಗಡಿಯ ತಗಡು ಬಡಿದುಕೊಳ್ಳುತ್ತಿದ್ದ ದಿನ, ನೀರು ಬೀಳದಂತೆ ಲ್ಯಾಪ್‌ಟಾಪಿನ ಮೇಲೆ ವನಜಾ ಮೇಡಂ ತಮ್ಮ ಸೆರಗು ಹರಡಿ ಕೂತಿದ್ದರು. ನಮ್ಮಿಬ್ಬರ ನಡುವೆ ಒಂದು ಗೇಣು ಜಾಗವಿತ್ತು. ಇವತ್ತು ಕೇಳಿಬಿಡುತ್ತೇನೆ ಅಂದುಕೊಂಡೆ. ಆದರೆ ಅವರು ಬಂದದ್ದು ರಿಪೋರ್ಟಿನ ಕೆಲಸಕ್ಕಲ್ಲವೇ? ಮೊದಲು ಬಸ್ಸು ಅಡ್ಡವಿತ್ತು, ಈಗ ಬಗ್ಗು. ಅದೂ ಮುಗಿದ ಮೇಲೂ ಅವರು ಬಂದು ಕೂತರೆ ಆಗ ಅನುಮಾನವೇ ಇರುವುದಿಲ್ಲ ಎಂದು ನನ್ನ ತರ್ಕ. ಹೀಗೆ ಒಂದೊಂದೇ ಸಾಲು ಕಳೆಯುತ್ತ ಹೋದರೆ ಕೊನೆಗೆ ನಿಜ ಉಳಿಯುತ್ತದೆ ಎಂದು ನಂಬಿದ್ದೆ.

ಕೊನೆಗೆ ಉಳಿದದ್ದು ಅಂಗೈಯಗಲದ ಪ್ರೋಗ್ರಾಮು. ಕುಂದುರ್ಪಿ ಬಸ್ಸಿನ ವೇಳೆಯನ್ನು ಕೊಟ್ಟರೆ ನಾಲ್ಕೂ ಕಾಲು ಎಂದು ಹೇಳುವುದು, ಅಷ್ಟೇ. ಕಳಿಸಿದೆವು. ದೀಪಾವಳಿಗೆ ನಾನು ಹಿಂದೂಪುರಕ್ಕೆ ಹೋಗಿದ್ದಾಗ, ಅಪ್ಪನ ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತಿದ್ದಾಗ, ಫೋನಿಗೆ ಸುದ್ದಿ ಬಂತು. ಬಗ್ಗು ಸರಿಯಾಗಿದೆ, ಹೊಸ ಆವೃತ್ತಿ ಹೊರಬಂದಿದೆ. ತಪ್ಪು ಹೇಳಿದವರು ಎಂದು ನನ್ನ ಹೆಸರು, ವನಜಾ ಮೇಡಂ ಹೆಸರು ಅಕ್ಕಪಕ್ಕ ಹಾಕಿದ್ದರು. ಇನ್ನು ಮುಂದೆ ಇದೇ ತಪ್ಪು ನುಸುಳದಿರಲೆಂದು ನಮ್ಮ ಪುಟ್ಟ ಪ್ರೋಗ್ರಾಮನ್ನೇ ಪರೀಕ್ಷೆಯಾಗಿ ಒಳಗೆ ಸೇರಿಸಿ, ಅದಕ್ಕೆ ಕಲ್ಯಾಣದುರ್ಗ ಎಂದು ಹೆಸರಿಟ್ಟಿದ್ದರು. ಲೋಕದಲ್ಲಿ ಯಾರು ಆ ಭಾಷೆಯನ್ನು ತಿದ್ದಿದರೂ ಕುಂದುರ್ಪಿ ಬಸ್ಸು ಮುಕ್ಕಾಲಿಗೇ ಹೊರಡುತ್ತದೆಯೇ ಎಂದು ಅದು ಮೊದಲು ನೋಡಿಕೊಳ್ಳುತ್ತದೆ. ಇವತ್ತಿಗೂ ನೋಡಿಕೊಳ್ಳುತ್ತಿದೆ. ಎರಡು ಹೆಸರನ್ನು ಅಕ್ಕಪಕ್ಕ ಕಂಡು ನನಗೆ ಲಗ್ನಪತ್ರಿಕೆ ಕಂಡಷ್ಟು ಸಂಭ್ರಮವಾಯಿತು. ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಹೊಸ ಆವೃತ್ತಿಯನ್ನು ಬೋರ್ಡಿಗೆ ಹಾಕಿದರೆ ಬೆಂಚಿನ ಮೇಲೆ ಕೂರಲು ಕಾರಣ ಉಳಿಯುವುದಿಲ್ಲ.

ಹಿಂದೂಪುರದಿಂದ ಬಂದು ಹೊಸ ಆವೃತ್ತಿ ಹಾಕದೆ ಸುಮ್ಮನಿದ್ದೆ. ವನಜಾ ಮೇಡಂ ಕೇಳಿದರು. "ಹೊಸ್ದು ಬಂದದಂತಲ್ಲ ಸಾರ್, ಹಾಕ್ಲಿಲ್ವಾ?"

"ಹೊಸದರಲ್ಲಿ ಬೇರೆ ತೊಂದರೆ ಇರಬಹುದು ಮೇಡಂ. ಸ್ವಲ್ಪ ದಿನ ನೋಡೋಣ."

ಅವರು ತಲೆಯಾಡಿಸಿದರು. ಬೆಂಚಿಗೆ ಬರುವುದು ನಿಲ್ಲಿಸಲಿಲ್ಲ. ಮಾಡಲು ಕೆಲಸವಿಲ್ಲದೆ ಸುಮ್ಮನೆ ಕೂತು ಕಡಲೆಕಾಯಿ ತಿಂದೆವು. ಊರ ಸುತ್ತಲೂ ಕಡಲೆಕಾಯಿ ಕಿತ್ತು ಬಳ್ಳಿಯ ಮೆದೆ ಹಾಕಿದ್ದರು. ಗಾಳಿಯೆಲ್ಲ ಹಸಿ ಮಣ್ಣಿನ ವಾಸನೆ. ಒಂದು ವಾರ ಕಳೆದ ಮೇಲೆ ಮತ್ತೆ ಕೇಳಿದರು. "ಇನ್ನೂ ಹಾಕಿಲ್ವಾ ಸಾರ್?"

"ಇನ್ನೊಂದಿಷ್ಟು ದಿನ ನೋಡೋಣ."

"ಎಷ್ಟ್ ದಿನ ಅಂತ ನೋಡ್ತೀರಿ ಸಾರ್?" ಅಂದರು. ಆ ದನಿಯಲ್ಲಿ ತಮಾಷೆ ಇರಲಿಲ್ಲ. ಕೈಯಲ್ಲಿದ್ದ ಸಿಪ್ಪೆಯನ್ನು ಕಾಗದಕ್ಕೆ ಸುರಿದು, ಮಡಿಸಿ, ಮತ್ತೆ ಮಡಿಸಿ ಹೇಳಿದರು: "ಗೋರಂಟ್ಲದೋರು ಬಂದು ನೋಡ್ಕಂಡು ಹೋದ್ರು. ಅಪ್ಪಂಗೆ ಒಪ್ಗೆ ಅದೆ. ಈ ವಾರ ನಾನು ಹೇಳ್ಬೇಕು." ಮಡಿಸಿದ ಕಾಗದವನ್ನು ಬೆಂಚಿನ ಮೇಲಿಟ್ಟರು. "ನಿಮ್ಮೂರಿಗೆ ಹತ್ರ ಅಲ್ವಾ ಸಾರ್? ಹೆಂಗೆ ಗೋರಂಟ್ಲ?"

ಬಾಯಿ ತೆರೆದೆ. ಬಂದ ಮಾತು ಇಷ್ಟೇ.

"ಒಳ್ಳೆ ಊರು ಮೇಡಂ. ಬಸ್ಸು ಚೆನ್ನಾಗಿವೆ."

ಅವರು ನನ್ನ ಮುಖವನ್ನು ನೋಡಿದರು. ಬಸ್ಸು ಬಂತು. ಆ ದಿನ "ಬತ್ತೀನಿ ಸಾರ್" ಅನ್ನಲಿಲ್ಲ. "ಹೋಯ್ತೀನಿ ಸಾರ್" ಅಂದರು.

ಮಾರನೆಯ ದಿನ ನಾನು ಕಾಲೇಜಿಗೆ ಹೋಗುವಷ್ಟರಲ್ಲಿ ಬೋರ್ಡಿನ ಕೆಳಗಿನ ಚೀಟಿ ಇರಲಿಲ್ಲ. ಕುಂದುರ್ಪಿ, ನಾಲ್ಕೂ ಮುಕ್ಕಾಲು ಎಂದು ಬೋರ್ಡು ತೋರಿಸುತ್ತಿತ್ತು. ಹೊಸ ಆವೃತ್ತಿಯನ್ನು ಅವರೇ ಹಾಕಿದ್ದರು, ಹೇಗೆಂದು ನಾನೇ ಕಲಿಸಿದ್ದೆ. ಸಂಜೆ ನಾಲ್ಕೂ ಕಾಲಿಗೆ ಬಂದು ಬೆಂಚಿನ ಮೇಲೆ ಒಬ್ಬನೇ ಕೂತೆ. ವನಜಾ ಮೇಡಂ ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಬಂದು ಹತ್ತಿ, ಆಚೆ ಬದಿಯ ಕಿಟಕಿಗೆ ಕೂತರು. ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತು ಅಂದುಕೊಂಡೆ. ಬೋರ್ಡು ಸರಿಹೋಯಿತು, ಅವರು ಬರುವುದು ನಿಂತಿತು. ಹಾಗಾದರೆ ಬಸ್ಸಿಗೇ ಬರುತ್ತಿದ್ದರು, ಬಗ್ಗಿಗೇ ಬರುತ್ತಿದ್ದರು. ಎಷ್ಟು ಅಚ್ಚುಕಟ್ಟಾದ ತೀರ್ಮಾನ!

ಮಾಘದಲ್ಲಿ ಕುಂದುರ್ಪಿಯಲ್ಲಿ ಅವರ ಮದುವೆಯಾಯಿತು. ಸ್ಟಾಫೆಲ್ಲ ಸೇರಿ ಮಿಕ್ಸಿ ಕೊಟ್ಟೆವು. ಆ ಬಸ್ಸನ್ನು ನಾನು ಹತ್ತಿದ್ದು ಅದೊಂದೇ ಸಲ. ಬೇಸಿಗೆಗೆ ನನ್ನ ವರ್ಷ ಮುಗಿದು ಹಿಂದೂಪುರಕ್ಕೆ ಮರಳಿದೆ. ಅಲ್ಲೇ ಕೆಲಸ ಸಿಕ್ಕಿತು. ಮನೆಯವರು ತೋರಿಸಿದ ಹೆಣ್ಣುಗಳ ಜಾತಕ ಒಂದೊಂದಾಗಿ ವಾಪಸು ಹೋದವು. ಆಮೇಲೆ ಅವರೂ ತೋರಿಸುವುದು ಬಿಟ್ಟರು.

"ಆ ಕುಂದುರ್ಪಿ ಮೇಡಮ್ಮು ಬಂದಿದ್ಲು ಸಾರ್ ಹೋದ್ ಹಬ್ಬಕ್ಕೆ" ಎಂದು ಓಬಳಮ್ಮ ಖಾಲಿ ಗ್ಲಾಸು ತೆಗೆದುಕೊಂಡಳು. "ಮಗಳು ಇಷ್ಟುದ್ದ ಆಗವಳೆ. ಚೆನ್ನಾಗವಳೆ. ಇದೇ ಬೆಂಚ್ಮೇಲೆ ಕೂತಿದ್ದು ಹೋದ್ಲು."

"ಈಗ ಬೋರ್ಡು ಸರಿಯಾಗಿದೆಯಲ್ಲಕ್ಕ, ಮತ್ತೆ ಯಾಕೆ ಬೇಗ ಬಂದು ಕೂತಿದ್ದರು?" ಎಂದು ತಮಾಷೆ ಮಾಡಿದೆ.

"ಯಾವ್ ಬೋರ್ಡು?"

"ನಾನು ಮಾಡಿದ್ದೆನಲ್ಲ, ಕಾಲೇಜಿನಲ್ಲಿ. ಅದು ತಪ್ಪು ತೋರಿಸುತ್ತಿದ್ದುದಕ್ಕೇ ಅಲ್ಲವೇ ಆ ವರ್ಷ ಎಲ್ಲರೂ ಅರ್ಧ ಗಂಟೆ ಮುಂಚೆ ಬಂದು ಕಾಯುತ್ತಿದ್ದದ್ದು? ಅವರೂ ಹಾಗೇ."

ಓಬಳಮ್ಮ ನನ್ನನ್ನು ಮರುಕದಿಂದ ನೋಡಿದಳು.

"ಅವಳಾ? ಆರ್ನೇ ಕ್ಲಾಸಿಂದ ಆ ಬಸ್ಸಲ್ಲೇ ಓಡಾಡಿದೋಳು ಕಣಪ್ಪ ಅವಳು. ನಾನು ಅಂಗ್ಡಿ ಇಟ್ಟಾಗಿಂದ ಅದು ಮುಕ್ಕಾಲಿಗೇ ಹೋಗೋದು. ಅವಳಿಗೆ ನಿನ್ ಬೋರ್ಡ್ಯಾಕೆ? ನೀನು ಈ ಊರಿಗೆ ಬರೋಕ್ ಮುಂಚೆ ಒಂದಿನಾನೂ ಇಲ್ಲಿ ಕೂತೋಳಲ್ಲ. ಬಸ್ಸು ಸ್ಟಾರ್ಟಾದ್ಮೇಲೆ ಓಡ್ಕಂಡ್ ಬಂದು ಹತ್ತೋಳು."

ಕೈಯಲ್ಲಿದ್ದ ಕಡಲೆಕಾಯಿ ಕೈಯಲ್ಲೇ ಉಳಿಯಿತು. ತಪ್ಪು ಕಂಡರೆ ಕಟ್ಟಿದವರಿಗೆ ಹೇಳಬೇಕು ಎಂದು ನನಗೆ ಪಾಠ ಹೇಳಿದವರು, ನನ್ನ ಬೋರ್ಡಿನ ತಪ್ಪನ್ನು ಮೊದಲ ದಿನವೇ ಕಂಡಿದ್ದರು. ಕಂಡು, ಯಾರಿಗೂ ಹೇಳದೆ, ಬಂದು ಕೂತಿದ್ದರು.

ಎದುರಿಗೆ ಕುಂದುರ್ಪಿ ಬಸ್ಸು ಹೊರಟಿತು. ಹಳೆಯ ಅಭ್ಯಾಸಕ್ಕೆ ಗಡಿಯಾರ ನೋಡಿದೆ. ನಾಲ್ಕೂ ಮುಕ್ಕಾಲು, ಒಂದು ನಿಮಿಷವೂ ಲೇಟಿಲ್ಲ.